ಹನಿ ಹನಿ ಪೆಟ್ರೋಲ್ ಉಳಿಸೋಣ, ಮನೆಯ ಲೆಕ್ಕ ಸರಿಪಡಿಸೋಣ



ಮೈಸೂರಿನ ಒಂದು ಬಡಾವಣೆಯ ಸಂಘದ ಸಭೆಗೆ ನಾವು ಹೋಗಿದ್ದೆವು. ಸಾಲ ಮರುಪಾವತಿಯ ಪುಸ್ತಕ ನೋಡುವಾಗ ಒಬ್ಬ ಸದಸ್ಯೆಯ ಮೂರು ತಿಂಗಳ ಕಂತು ಬಾಕಿ ಇತ್ತು. ಗಂಡನಿಗೆ ಸೆಕೆಂಡ್ ಹ್ಯಾಂಡ್ ಆಟೋ ಕೊಡಿಸಲು ಸಂಘದಿಂದ ತೆಗೆದ ಸಾಲ ಅದು. ಯಾಕಮ್ಮ ಹೀಗಾಯಿತು ಎಂದು ಕೇಳಿದೆವು. "ದುಡಿಮೆ ಏನೂ ಕಮ್ಮಿ ಇಲ್ಲ ಸಿಸ್ಟರ್. ಬಂದಿದ್ದೆಲ್ಲ ಪೆಟ್ರೋಲ್‌ಗೇ ಹೋಯ್ತು ಅಂತಾರೆ. ಅಷ್ಟೊಂದು ಪೆಟ್ರೋಲ್ ಆಟೋನೇ ಕುಡಿಯುತ್ತೋ, ಇಲ್ಲ ಇವರೇ ಬೇರೆ ಏನಾದ್ರೂ ಕುಡೀತಾರೋ, ಯಾರಿಗ್ಗೊತ್ತು?" ಎಂದರು. ಉಳಿದವರೆಲ್ಲ ನಕ್ಕರು. ಆ ತಾಯಿ ನಗಲಿಲ್ಲ.

ನಮಗೂ ನಗು ಬರಲಿಲ್ಲ. ಯಾಕೆಂದರೆ ಇಂಥದೇ ತಪ್ಪನ್ನು ಹಿಂದೆ ನಾವೂ ಮಾಡಿದ್ದೆವು.

ನಮ್ಮ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೋಗಲು ಒಂದು ಹಳೆಯ ಜೀಪಿತ್ತು. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ಕ್ರಮೇಣ 9ಕ್ಕೆ ಇಳಿಯಿತು. ಡೀಸೆಲ್ ಬಿಲ್ಲು ಏರುತ್ತಲೇ ಹೋಯಿತು. ಡ್ರೈವರ್ ಡೀಸೆಲ್ ತೆಗೆದು ಮಾರುತ್ತಿರಬಹುದೇ ಎಂಬ ಅನುಮಾನ ನಮ್ಮಲ್ಲಿ ಹುಟ್ಟಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖದಲ್ಲಿ ತೋರಿಸಿದೆವು. ಅವರಿಗೆ ಅದು ಅರ್ಥವಾಗಿ ಮಾತು ಕಡಿಮೆ ಮಾಡಿದರು. ಕೊನೆಗೆ ಒಂದು ದಿನ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದಾಗ ವಿಷಯ ಹೊರಬಿತ್ತು. ಹಿಂದಿನ ಒಂದು ಚಕ್ರದ ಬ್ರೇಕು ಪೂರ್ತಿ ಬಿಡದೆ ಹಿಡಿದುಕೊಂಡೇ ಇತ್ತು. ನಾಲ್ಕೂ ಟಯರಿನಲ್ಲಿ ಗಾಳಿ ಕಡಿಮೆ. ಏರ್ ಫಿಲ್ಟರ್ ತುಂಬ ಹಳ್ಳಿ ರಸ್ತೆಯ ಧೂಳು. ಅದನ್ನೆಲ್ಲ ಸರಿಪಡಿಸಿದ ಮೇಲೆ ಗಾಡಿ ಮತ್ತೆ 12ರ ಹತ್ತಿರ ಬಂತು. ನಾವು ಡ್ರೈವರನ್ನು ಕರೆದು ಕ್ಷಮೆ ಕೇಳಿದೆವು. "ಮೊದಲೇ ಟಯರ್ ಮುಟ್ಟಿ ನೋಡಿದ್ರೆ ನನ್ನ ಮುಖ ನೋಡೋ ಕಷ್ಟ ಇರ್ತಿರ್ಲಿಲ್ಲ ಸಿಸ್ಟರ್" ಎಂದರು. ಆ ಮಾತು ಇಂದಿಗೂ ನಮಗೆ ನೆನಪಿದೆ.

ಅದಕ್ಕೇ ಈ ಬಾರಿ ಗಾಡಿಯ ಪೆಟ್ರೋಲ್ ಉಳಿಸುವ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇವೆ. "ನಮಗೆ ಗಾಡಿ ಓಡಿಸೋಕೆ ಬರಲ್ಲ, ಇದೆಲ್ಲ ಗಂಡಸರ ವಿಷಯ" ಎಂದು ಪುಟ ತಿರುಗಿಸಬೇಡಿ. ಗಾಡಿ ಯಾರೇ ಓಡಿಸಲಿ, ಪೆಟ್ರೋಲ್ ದುಡ್ಡು ಹೋಗುವುದು ಮನೆಯ ಗಂಟಿನಿಂದಲೇ. ಲೆಕ್ಕ ಬರೆಯುವುದನ್ನು ಸಂಘದಲ್ಲಿ ಕಲಿತವರು ನೀವು. ಈ ಕೆಲಸಕ್ಕೆ ಬೇಕಾದ ಮುಖ್ಯ ವಿದ್ಯೆಯೂ ಅದೇ.

ಯಾಕೆ ಈ ಚಿಂತೆ?

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಎಲ್ಲೋ ಯುದ್ಧವಾದರೆ ಅದರ ಬಿಸಿ ನಮ್ಮ ಅಡುಗೆಮನೆಗೂ ತಟ್ಟುತ್ತದೆ. 2021ರಲ್ಲಿ ಕರ್ನಾಟಕದಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 100 ರೂಪಾಯಿ ದಾಟಿತು. ಬೆಲೆ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಖರ್ಚು ಇಳಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಇಂಧನ ಉಳಿಸುವುದನ್ನು ಜನರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಚಿವಾಲಯದಡಿ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಶುರುವಾಯಿತು. ಅವರು ವರ್ಷಗಳಿಂದ ಹೇಳಿಕೊಂಡು ಬಂದ ಹಲವು ಮಾತುಗಳೂ, ನಮ್ಮೂರಿನ ಮೆಕ್ಯಾನಿಕ್‌ಗಳಿಂದ ನಾವು ಕಲಿತ ಮಾತುಗಳೂ ಇಲ್ಲಿವೆ.

ಮೈಸೂರು ಗಾಡಿ ತಯಾರಿಸುವ ಊರು. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ನಂಜನಗೂಡು ರಸ್ತೆಯಲ್ಲಿ ಟಿ.ವಿ.ಎಸ್. ಕಾರ್ಖಾನೆ ಇದೆ. ವಿಕ್ರಾಂತ್ ಟಯರ್ ಹೆಸರು ಕೇಳದವರು ಇಲ್ಲಿ ಕಡಿಮೆ. ಗಾಡಿ, ಟಯರ್ ಎರಡನ್ನೂ ಮಾಡುವ ಊರಿನ ಹೆಣ್ಣುಮಕ್ಕಳಿಗೆ ಟಯರಿನ ಗಾಳಿ ನೋಡುವುದು ಕಷ್ಟವೇ?

ಮೊದಲ ಕೆಲಸ: ಒಂದು ಪುಸ್ತಕ

ಹತ್ತು ರೂಪಾಯಿಯ ಒಂದು ಸಣ್ಣ ಪುಸ್ತಕ ತನ್ನಿ. ನಾಲ್ಕು ಗೆರೆ ಎಳೆಯಿರಿ: ತಾರೀಖು, ಮೀಟರಿನ ಕಿ.ಮೀ., ಹಾಕಿಸಿದ ಲೀಟರ್, ಕೊಟ್ಟ ರೂಪಾಯಿ.

ಮೈಲೇಜ್ ತಿಳಿಯುವ ಸರಿಯಾದ ದಾರಿ ಹೀಗೆ. ಒಂದು ಸಲ ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದುಕೊಳ್ಳಿ. ಗಾಡಿ ಓಡಿದ ಮೇಲೆ ಮತ್ತೆ ಫುಲ್ ಮಾಡಿಸಿ, ಎಷ್ಟು ಲೀಟರ್ ಹಿಡಿಯಿತು, ಮೀಟರ್ ಎಷ್ಟು ಎಂದು ಬರೆಯಿರಿ. ಎರಡು ಮೀಟರುಗಳ ವ್ಯತ್ಯಾಸವನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಉದಾಹರಣೆಗೆ ಸ್ಕೂಟರ್ 160 ಕಿ.ಮೀ. ಓಡಿ 4 ಲೀಟರ್ ಹಿಡಿದರೆ ಮೈಲೇಜ್ 40.

"ನಾವು ದಿನಾ ನೂರು ರೂಪಾಯಿ ಹಾಕ್ಸೋರು, ಟ್ಯಾಂಕ್ ಫುಲ್ ಮಾಡ್ಸೋಕೆ ದುಡ್ಡೆಲ್ಲಿ ಸಿಸ್ಟರ್?" ಎನ್ನುವವರಿಗೂ ದಾರಿ ಇದೆ. ತಿಂಗಳ ಮೊದಲ ದಿನದ ಮೀಟರ್, ಕೊನೆಯ ದಿನದ ಮೀಟರ್ ಬರೆಯಿರಿ. ನಡುವೆ ಹಾಕಿಸಿದ ಲೀಟರುಗಳನ್ನೆಲ್ಲ ಕೂಡಿ, ಓಡಿದ ಕಿ.ಮೀ.ಯನ್ನು ಅದರಿಂದ ಭಾಗಿಸಿ. ಒಂದೆರಡು ದಿನದ ಲೆಕ್ಕ ತಪ್ಪಬಹುದು, ತಿಂಗಳ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಮೀಟರ್ ಇಲ್ಲದ ಗಾಡಿ, ಪಾಸ್ ಪುಸ್ತಕ ಇಲ್ಲದ ಉಳಿತಾಯದ ಹಾಗೆ.

ಗಾಡಿಯ ಆರೈಕೆ: ನಾವೇ ನೋಡಬಹುದಾದದ್ದು

1. ಟಯರಿನ ಗಾಳಿ. ಗಾಳಿ ಕಡಿಮೆಯಾದ ಟಯರು ನೆಲಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ. ಅದನ್ನು ಉರುಳಿಸಲು ಎಂಜಿನ್ ಹೆಚ್ಚು ಕಷ್ಟಪಡಬೇಕು. ಗಾಳಿ ಇಲ್ಲದ ಸೈಕಲ್ ತುಳಿದವರಿಗೆ ಇದು ಗೊತ್ತು. ಗಾಳಿ ಕಾಲು ಭಾಗ ಕಡಿಮೆಯಾದರೆ ಪೆಟ್ರೋಲ್ ಖರ್ಚು ಶೇ. 5ರಿಂದ 10ರಷ್ಟು ಏರುತ್ತದೆ, ಟಯರಿನ ಆಯಸ್ಸು ಶೇ. 25ರಷ್ಟು ಇಳಿಯುತ್ತದೆ ಎಂದು ಮೇಲೆ ಹೇಳಿದ ಸಂಘ ತಿಳಿಸುತ್ತದೆ. ವಾರಕ್ಕೊಮ್ಮೆ, ಗಾಡಿ ಇನ್ನೂ ಬಿಸಿಯಾಗದಿರುವಾಗ ಗಾಳಿ ನೋಡಿಸಿ. ಎಷ್ಟು ಗಾಳಿ ಬೇಕೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಅಥವಾ ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ. ಕೇಳಲು ಸಂಕೋಚ ಬೇಡ.

2. ಹಿಡಿದುಕೊಂಡ ಬ್ರೇಕು. ಸ್ಕೂಟರನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರುವಾಗ ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಗೇರ್ ಬೈಕಾದರೆ ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನೂ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಉಜ್ಜುವ ಸದ್ದಿನೊಂದಿಗೆ ಕೂಡಲೇ ನಿಂತರೆ ಬ್ರೇಕು ಹಿಡಿದಿದೆ ಎಂದು ಅರ್ಥ. ಆಟೋ, ಕಾರುಗಳಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ನಮ್ಮ ಜೀಪಿನ ರೋಗ ಇದೇ.

3. ಏರ್ ಫಿಲ್ಟರ್. ಇದು ಗಾಡಿಯ ಮೂಗು. ಒಲೆಗೆ ಗಾಳಿ ಸಾಲದಿದ್ದರೆ ಸೌದೆ ಸರಿಯಾಗಿ ಉರಿಯದೆ ಹೊಗೆ ಬರುತ್ತದಲ್ಲ, ಹಾಗೆಯೇ ಇಲ್ಲಿಯೂ. ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ನೇರವಾಗಿ ವ್ಯರ್ಥವಾಗುತ್ತದೆ. ಹೊಸ ಗಾಡಿಗಳಲ್ಲಿ ಎಳೆತ ಕಡಿಮೆಯಾಗುತ್ತದೆ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಬೇಗ ಬೇಗ ನೋಡಿಸಬೇಕು.

4. ಎಂಜಿನ್ ಆಯಿಲ್, ಪ್ಲಗ್, ಚೈನು. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಒಳಗಿನ ಭಾಗಗಳು ಉಜ್ಜಾಡಿ ಎಂಜಿನ್ ಬೇಗ ಸವೆಯುತ್ತದೆ. ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಬೈಕಿನ ಚೈನು ಒಣಗಿದ್ದರೂ, ತೀರಾ ಬಿಗಿಯಾಗಿದ್ದರೂ ನಷ್ಟ. ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಅದು ಪೂರ್ತಿ ಉರಿಯದೆ ಹೋಗುತ್ತಿರುವ ನಿಮ್ಮ ದುಡ್ಡು ಎಂದು ತಿಳಿಯಿರಿ.

5. ಬೇಡದ ಭಾರ. ಸೀಟಿನ ಕೆಳಗೆ, ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಹೊತ್ತು ತಿರುಗುವ ಹಳೆಯ ಸಾಮಾನು ಇಳಿಸಿ.

ಓಡಿಸುವ ರೀತಿ: ಓಡಿಸುವವರಿಗೆ ಓದಿ ಹೇಳಿ

ಒಂದೇ ಗಾಡಿ, ಒಂದೇ ರಸ್ತೆ. ಆದರೂ ಅಣ್ಣ ಓಡಿಸಿದರೆ ಒಂದು ಮೈಲೇಜ್, ತಮ್ಮ ಓಡಿಸಿದರೆ ಇನ್ನೊಂದು. ಕಾರಣ ಕೈ ಕಾಲುಗಳ ಅಭ್ಯಾಸ.

ಮೊದಲನೆಯದು, ಜೋರಾಗಿ ಎತ್ತಿ ಜೋರಾಗಿ ಬ್ರೇಕ್ ಹಾಕುವುದು. ಸಯ್ಯಾಜಿರಾವ್ ರಸ್ತೆಯಲ್ಲಿ ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಣ್ಣಿಗೆ ಕಾಣುತ್ತಿರುತ್ತದೆ. ಆದರೂ ಎಕ್ಸಿಲರೇಟರ್ ಕೊಟ್ಟು ಹೋಗಿ ಅಲ್ಲಿ ಬ್ರೇಕ್ ಒತ್ತುತ್ತಾರೆ. ವೇಗ ಬರಿಸಲು ಪೆಟ್ರೋಲ್ ಖರ್ಚಾಯಿತು. ಬ್ರೇಕ್ ಒತ್ತಿದ ಕೂಡಲೇ ಆ ಖರ್ಚೆಲ್ಲ ಬ್ರೇಕಿನ ಬಿಸಿಯಾಗಿ ಹೋಯಿತು. ದೂರದಿಂದಲೇ ಕೈ ಬಿಟ್ಟು ನಿಧಾನವಾಗಿ ಹೋದರೆ ಎಷ್ಟೋ ಸಲ ಅಷ್ಟರಲ್ಲಿ ಹಸಿರು ಬಂದಿರುತ್ತದೆ.

ಎರಡನೆಯದು, ವೇಗ. ನೀರಿನಲ್ಲಿ ನಿಧಾನವಾಗಿ ನಡೆದರೆ ಸುಲಭ, ಓಡಲು ಹೋದರೆ ನೀರು ಎದುರು ತಳ್ಳುತ್ತದೆ. ಗಾಳಿಯೂ ಹಾಗೆಯೇ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ರಿಂಗ್ ರಸ್ತೆ ಖಾಲಿ ಇದೆಯೆಂದು 80ರಲ್ಲಿ ಹೋಗುವುದಕ್ಕಿಂತ 45ರಿಂದ 55ರ ನಡುವೆ ಒಂದೇ ಸಮ ಹೋಗುವುದು ಜೇಬಿಗೂ ಜೀವಕ್ಕೂ ಒಳ್ಳೆಯದು.

ಮೂರನೆಯದು, ಗೇರ್ ಮತ್ತು ಕ್ಲಚ್. ಎಂಜಿನ್ ಕಿರುಚುತ್ತಿದ್ದರೆ ಮೇಲಿನ ಗೇರಿಗೆ ಹೋಗಬೇಕು, ನಡುಗುತ್ತಿದ್ದರೆ ಕೆಳಗಿನ ಗೇರಿಗೆ ಬರಬೇಕು. ಹಾಫ್ ಕ್ಲಚ್‌ನಲ್ಲಿ ಓಡಿಸುವುದು, ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರುವುದು ಪೆಟ್ರೋಲಿಗೂ ನಷ್ಟ, ಕ್ಲಚ್ ಪ್ಲೇಟಿಗೂ ನಷ್ಟ. ಈಚೆಗೆ ಸ್ಕೂಟರ್ ಕಲಿತ ನಮ್ಮ ಸಹೋದರಿಯರಿಗೂ ಒಂದು ಮಾತು. ಹೆದರಿಕೆಯಿಂದ ಬ್ರೇಕ್ ಲಿವರನ್ನು ಸ್ವಲ್ಪ ಒತ್ತಿಕೊಂಡೇ ಎಕ್ಸಿಲರೇಟರ್ ಕೊಡುತ್ತೀರಿ. ಇದು ಒಂದು ಕೈಯಲ್ಲಿ ನೀರು ತುಂಬಿಸಿ ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ. ಬೆರಳು ಲಿವರಿನ ಮೇಲೆ ಸಿದ್ಧವಾಗಿರಲಿ, ಒತ್ತಿರಬಾರದು.

ನಾಲ್ಕನೆಯದು, ನಿಂತಲ್ಲೇ ಓಡುವ ಎಂಜಿನ್. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದೇ ಲಾಭ ಎಂದು ಅಮೆರಿಕದ ಇಂಧನ ಇಲಾಖೆ ಕಾರುಗಳ ವಿಷಯದಲ್ಲಿ ಹೇಳುತ್ತದೆ. ನಮ್ಮಲ್ಲಿ ಸೆಕೆಂಡ್ ತೋರಿಸುವ ಸಿಗ್ನಲ್‌ನಲ್ಲಿ 30ಕ್ಕಿಂತ ಹೆಚ್ಚು ಕಂಡರೆ ಆಫ್ ಮಾಡುವುದನ್ನು ರೂಢಿ ಮಾಡಿಕೊಳ್ಳಬಹುದು. ಶಾಲೆಯ ಗೇಟಿನ ಮುಂದೆ ಮಗುವಿಗೆ ಕಾಯುವಾಗ, ದೇವರಾಜ ಮಾರುಕಟ್ಟೆಯ ಹೊರಗೆ ಹೂವಿನವರ ಜೊತೆ ಚೌಕಾಸಿ ಮಾಡುವಾಗ, ದಸರಾ ದಿನಗಳಲ್ಲಿ ದಾರಿ ಕಟ್ಟಿಕೊಂಡಾಗ ಎಂಜಿನ್ ಸುಮ್ಮನೆ ಓಡಬೇಕಾದ ಅಗತ್ಯವಿಲ್ಲ.

ಎಚ್ಚರಿಕೆ: ಬೆಟ್ಟ ಇಳಿಯುವಾಗ ಆಫ್ ಮಾಡಬೇಡಿ

ಉಳಿತಾಯದ ಹೆಸರಿನಲ್ಲಿ ಒಂದು ಕೆಟ್ಟ ಅಭ್ಯಾಸ ನಮ್ಮೂರಲ್ಲಿದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಎಂಜಿನ್ ಆಫ್ ಮಾಡುವುದು, ಇಲ್ಲವೇ ನ್ಯೂಟ್ರಲ್ ಮಾಡುವುದು. ಇದು ಬಹಳ ಅಪಾಯ. ಗೇರಿನಲ್ಲಿರುವಾಗ ಎಂಜಿನ್ ಕೂಡ ಗಾಡಿಯನ್ನು ತಡೆದು ಹಿಡಿಯುತ್ತದೆ. ನ್ಯೂಟ್ರಲ್ ಮಾಡಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿಯದೆ ಹೋಗಬಹುದು. ಕಾರಿನಲ್ಲಿ ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ನಿಂತು ಪೆಡಲ್ ಗಟ್ಟಿಯಾಗುತ್ತದೆ. ಇನ್ನೊಂದು ವಿಷಯ: ಪೆಟ್ರೋಲ್ ಇಂಜೆಕ್ಷನ್ ಇರುವ ಈಗಿನ ಗಾಡಿಗಳು ಗೇರಿನಲ್ಲಿದ್ದು ಎಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ. ಆದ್ದರಿಂದ ಆಫ್ ಮಾಡಿ ಉಳಿಸುವಂಥದ್ದು ಅಲ್ಲಿ ಏನೂ ಇಲ್ಲ. ಹತ್ತು ರೂಪಾಯಿ ಉಳಿಸಲು ಹೋಗಿ ಜೀವ ಕಳೆದುಕೊಳ್ಳುವುದು ಯಾವ ಲೆಕ್ಕ?

ಬಂಕಿನಲ್ಲಿ ನಮ್ಮ ಹಕ್ಕು, ಪೇಟೆಯಲ್ಲಿ ನಮ್ಮ ಎಚ್ಚರ

ಪೆಟ್ರೋಲ್ ಹಾಕುವ ಮೊದಲು ಮೀಟರಿನಲ್ಲಿ ಸೊನ್ನೆ ಇದೆಯೇ ನೋಡಿ. ಅಳತೆಯ ಬಗ್ಗೆ ಅನುಮಾನ ಬಂದರೆ, ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಆ ಪಾತ್ರೆ ಬಂಕಿನಲ್ಲೇ ಇರಬೇಕು. ಜಗಳ ಬೇಕಿಲ್ಲ, ಮರ್ಯಾದೆಯಿಂದ ಕೇಳಿದರೆ ಸಾಕು.

"ಬೆಳಿಗ್ಗೆ ತಣ್ಣಗಿರುವಾಗ ಹಾಕಿಸಿದರೆ ಜಾಸ್ತಿ ಬರುತ್ತೆ" ಎನ್ನುವ ಮಾತನ್ನು ನಂಬಿ ಓಡಬೇಡಿ. ಟ್ಯಾಂಕು ನೆಲದಡಿ ಇರುವುದರಿಂದ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮೈಲೇಜ್ ಏರಿಸುವ ಗುಳಿಗೆ, ಆಯಸ್ಕಾಂತ ಎಂದು ಮಾರುವವರು ಬಂದರೆ ಕೈಮುಗಿದು ಕಳಿಸಿ. ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರೀಕ್ಷಿಸಿದಾಗ ಗಮನಿಸುವಂಥ ಪ್ರಯೋಜನ ಕಂಡದ್ದು ತೀರಾ ಕೆಲವದರಲ್ಲಿ. ಅಗ್ಗದ ಆಸೆಗೆ ಸೀಮೆಎಣ್ಣೆ ಬೆರೆಸುವುದಂತೂ ಎಂಜಿನ್ನಿಗೆ ವಿಷ ಹಾಕಿದಂತೆ.

ಈಗ ಬರುತ್ತಿರುವ ಪೆಟ್ರೋಲಿನ ಬಗ್ಗೆಯೂ ತಿಳಿದಿರಲಿ. ಕಬ್ಬು, ಮೆಕ್ಕೆಜೋಳ ಮುಂತಾದವುಗಳಿಂದ ತಯಾರಿಸಿದ ಎಥನಾಲನ್ನು ಪೆಟ್ರೋಲಿಗೆ ಬೆರೆಸುತ್ತಾರೆ. 2025ರಲ್ಲಿ ನಮ್ಮ ದೇಶ ಶೇ. 20 ಬೆರೆಸುವ ಗುರಿ ಮುಟ್ಟಿತು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಇದಕ್ಕೆಂದು ತಯಾರಾಗದ ಹಳೆಯ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿ ಅಂದಾಜು ಮಾಡಿದೆ. ಆದ್ದರಿಂದ 40 ಕೊಡುತ್ತಿದ್ದ ಸ್ಕೂಟರ್ 39 ಕೊಟ್ಟರೆ ಮನೆಯವರನ್ನು ದೂರಬೇಡಿ. 40 ಇದ್ದದ್ದು 32ಕ್ಕೆ ಬಂದರೆ ಎಥನಾಲನ್ನು ದೂರಬೇಡಿ, ಮೆಕ್ಯಾನಿಕ್ ಹತ್ತಿರ ಹೋಗಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ.

ಗಾಡಿ ತೆಗೆಯುವ ಮೊದಲು ಒಂದು ಕ್ಷಣ

ಎಲ್ಲಕ್ಕಿಂತ ದೊಡ್ಡ ಉಳಿತಾಯ ಗಾಡಿ ತೆಗೆಯದೇ ಇರುವುದರಲ್ಲಿದೆ. ಹಾಲಿಗೆ ಒಂದು ಸಲ, ಸೊಪ್ಪಿಗೆ ಒಂದು ಸಲ, ರೇಷನ್ನಿಗೆ ಇನ್ನೊಂದು ಸಲ ಹೋಗುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿ. ತಣ್ಣಗಿರುವ ಎಂಜಿನ್ ಮೊದಲ ಒಂದೆರಡು ಕಿ.ಮೀ.ಗೆ ಹೆಚ್ಚು ಪೆಟ್ರೋಲ್ ತೆಗೆದುಕೊಳ್ಳುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಬಸ್ಸು ಹೋಗುವ ದಾರಿಗೆ ಸ್ಕೂಟರ್ ಯಾಕೆ?

ಉಳಿದದ್ದು ಎಷ್ಟು?

ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ 900 ಕಿ.ಮೀ. ಓಡುವ ಸ್ಕೂಟರ್ ಲೀಟರಿಗೆ 40 ಕೊಟ್ಟರೆ ಇಪ್ಪತ್ತೆರಡೂವರೆ ಲೀಟರ್ ಬೇಕು. 45 ಕೊಟ್ಟರೆ 20 ಲೀಟರ್ ಸಾಕು. ತಿಂಗಳಿಗೆ 250 ರೂಪಾಯಿ ಉಳಿಯಿತು. ವರ್ಷಕ್ಕೆ 3,000.

ಈಗ ಆ ಆಟೋದ ಮಾತಿಗೆ ಬರೋಣ. ಆ ತಾಯಿ ನಮ್ಮ ಮಾತು ಕೇಳಿ ಒಂದು ತಿಂಗಳು ಪುಸ್ತಕ ಬರೆದರು. ಗಂಡ ರಾತ್ರಿ ಬಂದು ಮೀಟರ್ ಹೇಳುವುದು, ಇವರು ಬರೆಯುವುದು. ಮೊದಮೊದಲು ಆತ "ನನ್ ಮೇಲೆ ಪೊಲೀಸ್ ಕೆಲ್ಸನಾ?" ಎಂದು ಸಿಡುಕಿದರಂತೆ. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಮೈಲೇಜ್ ಬಂದದ್ದು 20. "ಈ ಆಟೋ 25 ಕೊಡ್ಬೇಕು" ಎಂದರು ಮೆಕ್ಯಾನಿಕ್. ಕ್ಲಚ್ ಕೇಬಲ್ ಬಿಗಿಯಾಗಿ ಕ್ಲಚ್ ಜಾರುತ್ತಿತ್ತು, ಫಿಲ್ಟರ್ ಕಟ್ಟಿತ್ತು, ಟಯರಿನಲ್ಲಿ ಗಾಳಿ ಇರಲಿಲ್ಲ. ಸರಿಪಡಿಸಿದ ಮೇಲೆ 24ಕ್ಕೆ ಬಂತು. ತಿಂಗಳಿಗೆ 2,000 ಕಿ.ಮೀ. ಓಡುವ ಗಾಡಿಗೆ 100 ಲೀಟರ್ ಬದಲು ಸುಮಾರು 83 ಲೀಟರ್ ಸಾಕಾಯಿತು. ಹತ್ತಿರ ಹತ್ತಿರ 1,700 ರೂಪಾಯಿ. ಬಾಕಿ ಇದ್ದ ಕಂತುಗಳು ಒಂದೊಂದಾಗಿ ಸಂಘಕ್ಕೆ ಬಂದವು.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಓಡಿದ್ದು ಕಡಿಮೆ, ಖರ್ಚು ಹೆಚ್ಚು ಎಂಬ ದಿನಗಳೂ ಒಂದೆರಡು ಪುಸ್ತಕದಲ್ಲಿ ಕಂಡವು. ಅದನ್ನು ಗಂಡ ಹೆಂಡತಿ ಇಬ್ಬರೂ ನೋಡಿದರು, ಇಬ್ಬರೇ ಕೂತು ಮಾತಾಡಿದರು. ಏನು ಮಾತಾಡಿದಿರಿ ಎಂದು ನಾವು ಕೇಳಲಿಲ್ಲ. ಮುಂದಿನ ತಿಂಗಳ ಪುಟದಲ್ಲಿ ಅಂಥ ದಿನ ಇರಲಿಲ್ಲ ಎಂದಷ್ಟೇ ಆಕೆ ಹೇಳಿದರು. ಅನುಮಾನ ಜಗಳ ತರುತ್ತದೆ. ಲೆಕ್ಕ ಮಾತು ತರುತ್ತದೆ.

ಹನಿ ಹನಿ ಕೂಡಿದರೆ ಹಳ್ಳ ಎಂದು ಉಳಿತಾಯದ ಬಗ್ಗೆ ಸಂಘದಲ್ಲಿ ದಿನವೂ ಹೇಳುತ್ತೇವೆ. ಹನಿ ಹನಿ ಸೋರಿದರೂ ಹಳ್ಳವೇ. ಸೋರುವ ಜಾಗ ಹುಡುಕಲು ಮೊದಲು ಪುಸ್ತಕ ತೆಗೆಯಿರಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಗಾಡಿ ಇದೆ? ಎಷ್ಟು ಜನಕ್ಕೆ ಅದರ ಮೈಲೇಜ್ ಗೊತ್ತು?

2. ತಿಂಗಳಿಗೆ ಪೆಟ್ರೋಲಿಗೆ ಎಷ್ಟು ಹೋಗುತ್ತದೆ? ಅದು ಸಂಘದ ಉಳಿತಾಯಕ್ಕಿಂತ ಹೆಚ್ಚೋ ಕಡಿಮೆಯೋ?

3. ಗಾಡಿ ಕೊಳ್ಳಲು ಸಾಲ ಕೊಡುವಾಗ, ಮೈಲೇಜ್ ಪುಸ್ತಕ ಬರೆಯಬೇಕು ಎಂಬ ಒಂದು ನಿಯಮವನ್ನು ನಾವು ಸೇರಿಸಬಹುದೇ?

4. ನಮ್ಮ ಬೀದಿಯ ಮೆಕ್ಯಾನಿಕ್ ಒಬ್ಬರನ್ನು ಸಭೆಗೆ ಕರೆದು, ಟಯರ್, ಬ್ರೇಕ್, ಫಿಲ್ಟರ್ ನೋಡುವುದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದೇ?